ಚುಕ್ಕಿ ಸರಿದ ದಿನ

ಯಜಮಾನರ ಬಲಗೈಯ ತೋರುಬೆರಳು ಮೊದಲ ಗೆಣ್ಣಿಗೇ ಮುಗಿದುಹೋಗಿತ್ತು. ಚಿಕ್ಕಂದಿನಲ್ಲಿ ಕುರಿಯ ಉಣ್ಣೆ ಕತ್ತರಿಸುವಾಗ ಅವರ ಅಪ್ಪನ ಕತ್ತರಿಗೇ ಸಿಕ್ಕಿತ್ತಂತೆ. ಉಗುರಿಲ್ಲದೆ, ಸವೆದ ಬಳಪದ ಹಾಗೆ ದುಂಡಗಾಗಿದ್ದ ಆ ಬೆರಳಿನಿಂದಲೇ ಅವರು ದಿಕ್ಕು ತೋರಿಸುತ್ತಿದ್ದರು, ಎಲೆಗೆ ಸುಣ್ಣ ಸವರುತ್ತಿದ್ದರು, ಜಿಪಿಎಸ್ ಯಂತ್ರದ ಗುಂಡಿ ಒತ್ತುತ್ತಿದ್ದರು. ಆ ಯಂತ್ರದ ರಬ್ಬರ್ ಗುಂಡಿಗಳನ್ನು ನಾವು ಉಗುರಿನಿಂದ ಕೆರೆದು ಹಾಳು ಮಾಡಿದ್ದೆವು. ಅವರು ಒತ್ತಿದರೆ ಗುಂಡಿಗೆ ನೋವಾಗದ ಹಾಗೆ ಒತ್ತುತ್ತಿದ್ದರು.

ಎರಡು ಸಾವಿರದ ಇಸವಿ ದಾಟಿ ಮೂರೋ ನಾಲ್ಕೋ ವರ್ಷವಾಗಿತ್ತು. ಮೊಬೈಲು ಎಲ್ಲರ ಕೈಗೂ ಬಂದಿರಲಿಲ್ಲ. ನನಗೆ ಇಪ್ಪತ್ತಮೂರು. ಚಳ್ಳಕೆರೆಯಲ್ಲಿ ನಮ್ಮದು ಶೇಂಗಾ ವ್ಯಾಪಾರದ ಮನೆ. ಬಿ.ಎಸ್ಸಿ. ಮುಗಿಸಿದ್ದೆ, ಮಂಡಿಯಲ್ಲಿ ಕೂರಲು ಮನಸ್ಸಿರಲಿಲ್ಲ. ಆಗ ಬೆಂಗಳೂರಿನ ಒಂದು ಸಂಸ್ಥೆಯವರು ನಮ್ಮ ತಾಲ್ಲೂಕು ಮತ್ತು ಮೊಳಕಾಲ್ಮುರು ತಾಲ್ಲೂಕಿನಲ್ಲಿ ಕುರಿ, ದನ ನೀರು ಕುಡಿಯುವ ಜಾಗಗಳನ್ನೆಲ್ಲ ಗುರುತು ಮಾಡುವ ಕೆಲಸ ಹಿಡಿದಿದ್ದರು. ಕೆರೆ, ಗೋಕಟ್ಟೆ, ಹಳ್ಳದ ಮಡು, ಗುಡ್ಡದ ಬಂಡೆಗಳ ನಡುವೆ ಮಳೆನೀರು ನಿಲ್ಲುವ ದೊಣೆ, ಯಾವುದನ್ನೂ ಬಿಡದೆ ನಡೆದುಹೋಗಿ, ಪಕ್ಕದಲ್ಲಿ ನಿಂತು, ಜಿಪಿಎಸ್ ತೋರಿಸುವ ಅಂಕಿಯನ್ನು ಪುಸ್ತಕದಲ್ಲಿ ಬರೆಯಬೇಕು. ಎರಡು ಯಂತ್ರ, ಎರಡು ಮೊಬೈಲು, ಒಂದು ಜೀಪು, ಒಬ್ಬ ಮೇಲ್ವಿಚಾರಕರು, ಒಬ್ಬ ಡ್ರೈವರ್, ನಾನು. ದಾರಿ ತೋರಿಸಲು ದಿನಗೂಲಿಯ ಮೇಲೆ ಇವರು. ಅವರ ಹೆಸರು ಹಾಜರಿ ಪುಸ್ತಕದಲ್ಲಿತ್ತು. ನಾವ್ಯಾರೂ ಹಾಗೆ ಕರೆಯಲಿಲ್ಲ. ಎಲ್ಲರಿಗೂ ಅವರು ಯಜಮಾನ್ರು.

ಬಿ.ಜಿ. ಕೆರೆಯ ಹತ್ತಿರದ ಒಂದು ಹಟ್ಟಿ ಅವರದು. ಅರವತ್ತು ದಾಟಿತ್ತು. ಕುರಿಗಳನ್ನು ಅಣ್ಣನ ಮಕ್ಕಳಿಗೆ ಬಿಟ್ಟುಕೊಟ್ಟಿದ್ದರು, ಆದರೆ ಹೆಗಲ ಮೇಲಿನ ಕಂಬಳಿ ಬಿಟ್ಟಿರಲಿಲ್ಲ. ಮನೆಯಲ್ಲಿ ತೆಲುಗು, ನಮ್ಮ ಜೊತೆ ಕನ್ನಡ. ಅವರಲ್ಲಿ ನನಗೆ ಮೊದಲು ವಿಚಿತ್ರವೆನಿಸಿದ್ದೆಂದರೆ, ದಾರಿ ತೋರಿಸಲೆಂದೇ ಬಂದ ಮನುಷ್ಯ ಒಂದು ದಿನವೂ "ಗೊತ್ತು" ಎನ್ನಲಿಲ್ಲ. ಆ ಗುಡ್ಡದ ಹಿಂದೆ ದೊಣೆ ಇದೆಯಾ ಎಂದು ಕೇಳಿದರೆ "ನೋಡಿ ಹೇಳ್ತೀನಿ ತಡಿ" ಎನ್ನುವರು. ಐವತ್ತು ವರ್ಷ ಕುರಿ ಮೇಯಿಸಿದ ಗುಡ್ಡವಾದರೂ ಹೋಗಿ ಇಣುಕಿ ನೋಡಿಯೇ "ಐತೆ" ಎಂದು ಕೂಗುವರು.

ಯಂತ್ರವನ್ನೂ ಅವರು ಹಾಗೆಯೇ ಪರೀಕ್ಷೆ ಮಾಡಿದರು. ಮೊದಲ ವಾರ, ದೊಡ್ಡಉಳ್ಳಾರ್ತಿಯ ಕಾವಲಿನ ಹುಲ್ಲುಬಯಲಿನಲ್ಲಿ ನಾನು ಅದರ ದೊಡ್ಡಸ್ತಿಕೆ ಹೇಳುತ್ತಿದ್ದೆ. ಆಕಾಶದಲ್ಲಿ ಉಪಗ್ರಹಗಳು ಇರುತ್ತವೆ, ಅವುಗಳ ಸಂಕೇತ ಸಿಕ್ಕರೆ ನಾವು ಭೂಮಿಯ ಮೇಲೆ ಎಲ್ಲಿದ್ದೇವೆ ಎಂದು ಇದು ಹೇಳುತ್ತದೆ, ಒಂದು ಜಾಗವನ್ನು ನೆನಪಿಟ್ಟುಕೋ ಎಂದರೆ ಇಟ್ಟುಕೊಳ್ಳುತ್ತದೆ, ವಾಪಸ್ ಕರೆದುಕೊಂಡು ಹೋಗು ಎಂದರೆ ಬಾಣ ತೋರಿಸುತ್ತದೆ. ಅವರು ಎಲ್ಲ ಕೇಳಿಸಿಕೊಂಡು, ಕಂಬಳಿಯನ್ನು ಹುಲ್ಲಿನ ಮೇಲೆ ಹಾಸಿ, "ಇದನ್ನ ನೆನಪಿಟ್ಕೋ ಅನ್ನು" ಎಂದರು. ನಾನು ಗುಂಡಿ ಒತ್ತಿದೆ. ಅಲ್ಲಿಂದ ಸುಮಾರು ದೂರ ಹೋಗಿ, ಏರು ಇಳಿದು, ಜಾಲಿಪೊದೆ ಸುತ್ತಿ, ಕೊನೆಗೆ ಯಂತ್ರವನ್ನು ತಮ್ಮ ಎರಡೂ ಅಂಗೈಯಲ್ಲಿ ಇಟ್ಟುಕೊಂಡು ಬಾಣವನ್ನೇ ನೋಡುತ್ತ ನಡೆದರು. ಯಂತ್ರ ಬಂತು ಎಂದ ಕಡೆ ನಿಂತರು. ಕಂಬಳಿ ಹತ್ತು ಹೆಜ್ಜೆ ಆಚೆಗಿತ್ತು.

"ಹತ್ತು ಹೆಜ್ಜೆ ಸುಳ್ಳು ಹೇಳ್ತೈತೆ" ಎಂದರು. "ಇರ್ಲಿ. ಮನುಷ್ಯರು ಇದಕ್ಕಿಂತ ಜಾಸ್ತಿ ಹೇಳ್ತಾರೆ."

ಅಂದಿನಿಂದ ಬೆಳಗ್ಗೆ ಯಂತ್ರ ಸಿದ್ಧ ಮಾಡುವ ಕೆಲಸ ಅವರದಾಯಿತು. ಎರಡು ಪೆನ್ಸಿಲ್ ಸೆಲ್ ಹಾಕಿ, ಬಯಲಿನ ಬಂಡೆಯ ಮೇಲೆ ಇಟ್ಟು, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂರುವರು. ಉಪಗ್ರಹಗಳಿಗೆ ಅವರು ಇಟ್ಟ ಹೆಸರು "ಮ್ಯಾಲಿನೋರು". ಪರದೆಯ ಮೇಲೆ ಒಂದೊಂದೇ ಕಪ್ಪು ಪಟ್ಟಿ ಏಳುವುದನ್ನು ಎಣಿಸಿ, ನಾಲ್ಕು ದಾಟಿ ಅಂಕಿಗಳು ಮೂಡಿದ ಕೂಡಲೇ "ಒಚ್ಚಿಂದಿ!" ಎಂದು ತೆಲುಗಿನಲ್ಲಿ ಕೂಗುವರು. ಬಂತು ಎಂದು. ಮೇಲ್ವಿಚಾರಕರು ನಮ್ಮ ಪುಸ್ತಕದ ಹಿಂಬದಿಗೆ ಒಂದು ಚೀಟಿ ಅಂಟಿಸಿದ್ದರು. ದಿನಾ ಹೊರಡುವ ಮುಂಚೆ ನೋಡಬೇಕಾದದ್ದು: ಸೆಲ್ಲು, ಗಡಿಯಾರ, ನಕ್ಷೆಯ ಆಧಾರ, ಅಂಕಿ ತೋರಿಸುವ ಕ್ರಮ. ಮೊದಲ ತಿಂಗಳು ನಾನು ನಾಲ್ಕನ್ನೂ ನೋಡಿದೆ. ಆಮೇಲೆ ಸೆಲ್ಲು ಮಾತ್ರ ನೋಡುತ್ತಿದ್ದೆ.

ಅವರಿಗೆ ಓದು ಬರುತ್ತಿರಲಿಲ್ಲ. ಆದರೆ ಅಂಕಿಗಳನ್ನು ಕುರಿಗಳ ಮುಖದ ಹಾಗೆ ಗುರುತಿಟ್ಟುಕೊಂಡಿದ್ದರು. ಏಳು ಅಂದರೆ ಮರದ ಕೊಂಬೆ ಎಳೆಯುವ ದೋಟಿ. ಎಂಟು ಸೊಂಟ ಕಟ್ಟಿದ ಚೀಲ. ನಾವು ಯಂತ್ರವನ್ನು ಡಿಗ್ರಿ, ನಿಮಿಷ, ಸೆಕೆಂಡು ತೋರಿಸುವ ಹಾಗೆ ಇಟ್ಟಿದ್ದೆವು. ಸೆಕೆಂಡು ಆದ ಮೇಲೆ ಒಂದು ಚುಕ್ಕಿ, ಅದರಾಚೆ ಒಂದೇ ಅಂಕಿ. ಆ ಕೊನೆಯ ಅಂಕಿ ಲೆಕ್ಕಕ್ಕಿಲ್ಲ, ಬಿಟ್ಟು ಓದಿ ಎಂದು ಮೇಲ್ವಿಚಾರಕರು ಹೇಳಿಕೊಟ್ಟಿದ್ದರು. ನಾನು ಬರೆದದ್ದನ್ನು ಯಜಮಾನರು ಪರದೆಯ ಪಕ್ಕ ಹಿಡಿದು ಒಂದೊಂದೇ ಆಕಾರ ಹೋಲಿಸುವರು. ಎರಡು ಸಲ ನನ್ನ ತಪ್ಪು ಹಿಡಿದಿದ್ದರು.

ಈ ಯಂತ್ರದ ಮೇಲೆ ಅವರಿಗೆ ಯಾಕಿಷ್ಟು ಮಮತೆ ಎಂದು ಒಂದು ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಕೇಳಿದೆ. ರೊಟ್ಟಿ ಮುರಿಯುತ್ತ ಹೇಳಿದರು. ಅವರಿಗೆ ಇಪ್ಪತ್ತರ ಆಸುಪಾಸಿನಲ್ಲಿ, ಮಳೆ ಹೋದ ವರ್ಷ, ಅವರೂ ಅವರ ತಮ್ಮನೂ ಕುರಿ ಹೊಡೆದುಕೊಂಡು ಅನಂತಪುರದ ಕಡೆ ಹೋಗಿದ್ದರು. ದಾರಿಯಲ್ಲಿ ತಮ್ಮನಿಗೆ ಜ್ವರ ಬಂದು ಮೂರನೇ ದಿನ ತೀರಿಕೊಂಡ. ಕುರಿಗಳನ್ನು ನಿಲ್ಲಿಸಿಕೊಂಡು ಕೂರುವ ಹಾಗಿಲ್ಲ. ಹೊಲದ ಬದುವಿನಲ್ಲಿ ಮಣ್ಣು ಮಾಡಿ ಮುಂದೆ ನಡೆದರು.

"ಗುರ್ತಿಗೆ ಒಂದು ಹುಣಸೇಮರ ಇತ್ತು. ಮುಂದಿನ ವರ್ಷ ಅವ್ವನ್ನ ಕರ್ಕೊಂಡು ಹೋದೆ. ಮರ ಕಡ್ದಿದ್ರು. ಹೊಲಾನೂ ಉತ್ತಿದ್ರು. ಇಲ್ಲೇ ಇರ್ಬೇಕು, ಅಲ್ಲೇ ಇರ್ಬೇಕು ಅಂತ ತಿರುಗಿದ್ವಿ. ಅವ್ವ ಕೊನೀಗೆ ಯಾವ್ದೋ ಬದುವಿಗೆ ಕೈ ಮುಗಿದ್ಲು. ಅದು ಅಲ್ಲ ಅಂತ ನಂಗನ್ನಿಸ್ತಿತ್ತು. ಸುಮ್ನಿದ್ದೆ."

ಆಮೇಲೆ ನೀರು ಕುಡಿದು ಎದ್ದರು.

ಇನ್ನು ಆ ದಿನದ ವಿಷಯ. ಇಷ್ಟು ವರ್ಷ ನಾನು ಇದನ್ನು ಬರೆಯದೆ ತಪ್ಪಿಸಿಕೊಂಡೆ.

ಹಿಂದಿನ ಸಂಜೆ ಯಂತ್ರ ನಿಧಾನವಾಗಿತ್ತು. ನಡೆದ ದಾರಿಗಳೆಲ್ಲ ಅದರೊಳಗೆ ತುಂಬಿಕೊಂಡು ಒಂದು ಪುಟದಿಂದ ಇನ್ನೊಂದಕ್ಕೆ ಹೋಗಲು ತಡಮಾಡುತ್ತಿತ್ತು. ಹಳೆಯದನ್ನೆಲ್ಲ ಅಳಿಸಲು ಕೂತೆ. ಎಲ್ಲವನ್ನೂ ಮೊದಲಿನಂತೆ ಮಾಡಲೇ ಎಂದು ಅದು ಕೇಳಿತು. ಮೊದಲಿನಂತೆ ಅಂದರೆ ಅಂಗಡಿಯಿಂದ ತಂದ ದಿನದಂತೆ ಎಂಬುದು ನನಗೆ ಹೊಳೆಯಲಿಲ್ಲ. ಹೂಂ ಎಂದು ಒತ್ತಿದೆ. ಗಡಿಯಾರ ತಪ್ಪಿದ್ದು ಕಂಡು ಸರಿಮಾಡಿದೆ. ಕೆಲಸ ಮುಗಿಯಿತು ಅಂದುಕೊಂಡೆ.

ಮಾರನೆಯ ಬೆಳಗ್ಗೆ ಬಿ.ಜಿ. ಕೆರೆ ದಾಟಿ ಮೊಳಕಾಲ್ಮುರಿನ ಕಡೆಗಿರುವ ಒಂದು ಕಲ್ಲುಗುಡ್ಡದ ಬುಡದಲ್ಲಿ ಜೀಪು ನಮ್ಮಿಬ್ಬರನ್ನು ಇಳಿಸಿತು. ಮೇಲ್ವಿಚಾರಕರು ಮತ್ತು ಡ್ರೈವರ್ ಇನ್ನೊಂದು ಯಂತ್ರದೊಂದಿಗೆ ಊರಿನ ಬಾವಿಗಳ ಕಡೆ ವಾಪಸ್ ಹೋದರು. ಯಜಮಾನರು ಎಂದಿನಂತೆ ಬಂಡೆಯ ಮೇಲೆ ಯಂತ್ರ ಇಟ್ಟು ಕೂತರು. ಅಂಕಿ ಮೂಡಿದರೂ "ಒಚ್ಚಿಂದಿ" ಎನ್ನಲಿಲ್ಲ.

"ತಮ್ಮಾ, ಚುಕ್ಕಿ ಜಾಗ ಬಿಟ್ಟೈತಲ್ಲ."

"ಯಾವ ಚುಕ್ಕಿ?"

"ಮೊದ್ಲು ಚುಕ್ಕಿ ಆದ್ಮ್ಯಾಲೆ ಒಂದೇ ಇರ್ತಿತ್ತು. ಈಗ ಮೂರು ಅದಾವೆ. ನೋಡಿಲ್ಲಿ."

ನಾನು ಬೂಟಿನ ದಾರ ಕಟ್ಟುತ್ತಿದ್ದೆ. ತಲೆ ಎತ್ತಿಯೂ ನೋಡಲಿಲ್ಲ. "ಅದೇನಿಲ್ಲ ಯಜಮಾನ್ರೆ, ನಿನ್ನೆ ಕ್ಲೀನ್ ಮಾಡಿದೀನಿ. ಬಿಸಿಲಾಗುತ್ತೆ, ನಡೀರಿ."

ಅವರು ಇನ್ನೊಮ್ಮೆ ಪರದೆ ನೋಡಿ, ಯಂತ್ರವನ್ನು ನನ್ನ ಕೈಗೆ ಕೊಟ್ಟರು. ಮುಂದೆ ನಡೆದರು.

ಹತ್ತೂವರೆಯ ಹೊತ್ತಿಗೆ ಗುಡ್ಡದ ಅರ್ಧ ಹತ್ತಿದ್ದೆವು. ಎರಡು ದೊಡ್ಡ ಬಂಡೆಗಳ ಸಂದಿಯಲ್ಲಿ, ಕೆಳಗೆ, ಒಂದು ದೊಣೆ ಇರಬೇಕು. ನೀರಿದೆಯೋ ಇಲ್ಲವೋ ಮೇಲಿನಿಂದ ಕಾಣುತ್ತಿರಲಿಲ್ಲ. ಬರೀ ದೊಣೆ ಇದೆ ಎಂದು ಬರೆದುಕೊಂಡರೆ ಸಾಕಿತ್ತು. ಅವರು "ನೋಡಿ ಹೇಳ್ತೀನಿ ತಡಿ" ಎಂದು ಅಂಚಿಗೆ ಹೋದರು. ಅವರು ಕಾಲಿಟ್ಟ ಕಲ್ಲಿನ ಚಕ್ಕೆ ಕಿತ್ತುಬಂತು. ಎರಡಾಳು ಆಳಕ್ಕೆ ಬಿದ್ದರು. ಕೂಗಲಿಲ್ಲ. ಕಲ್ಲು ಉರುಳಿದ ಸದ್ದು ಮಾತ್ರ ಕೇಳಿಸಿತು.

ನಾನು ಇಳಿದುಹೋದಾಗ ಅವರಿಗೆ ಎಚ್ಚರವಿತ್ತು. ಎಡತೊಡೆ ಮುರಿದು ಕಾಲು ಬೇರೆ ದಿಕ್ಕಿಗೆ ತಿರುಗಿತ್ತು. ಹೊರಗೆ ರಕ್ತ ಹೆಚ್ಚಿಗೆ ಇರಲಿಲ್ಲ. ತೊಡೆ ಮಾತ್ರ ಒಳಗೇ ರಕ್ತ ತುಂಬಿ ನೋಡನೋಡುತ್ತಲೇ ಊದುತ್ತಿತ್ತು. ಟವೆಲ್ಲು ಸುತ್ತಿ, ತಲೆಯಡಿ ಕಂಬಳಿ ಇಟ್ಟು, "ಫೋನ್ ಮಾಡಿ ಬರ್ತೀನಿ" ಎಂದೆ. ಸಂದಿಯಲ್ಲಿ ಸಿಗ್ನಲ್ ಇರಲಿಲ್ಲ. ಯಂತ್ರಕ್ಕೂ ಅಲ್ಲಿ ಆಕಾಶ ಸಾಲದು. ಮೇಲೆ ಹತ್ತಿ, ಅಂಚಿನಲ್ಲೇ ನಿಂತು ಜಾಗ ಗುರುತು ಮಾಡಿಕೊಂಡು, ಇನ್ನೂ ಮೇಲಿನ ಬಂಡೆಗೆ ಓಡಿ ಮೇಲ್ವಿಚಾರಕರಿಗೆ ಹಚ್ಚಿದೆ. ಬಿದ್ದರು, ಕಾಲು ಹೋಗಿದೆ, ದೊಣೆಯ ಹತ್ತಿರ ಎಂದೆಲ್ಲ ಒದರಿದೆ.

"ಆ ಗುಡ್ಡದ ತುಂಬ ದೊಣೆನೇ. ಅಂಕಿ ಹೇಳು ಸಾಕು" ಎಂದರು ಅವರು.

ಪರದೆಯಲ್ಲಿ ಉತ್ತರದ ಅಂಕಿಯ ನಿಮಿಷದ ಜಾಗದಲ್ಲಿ ಇಪ್ಪತ್ತೈದು, ಚುಕ್ಕಿ, ನಾಲ್ಕು ಐದು ಸೊನ್ನೆ ಇತ್ತು. ಕೊನೆಯ ಅಂಕಿ ಬಿಟ್ಟು ಓದುವುದು ಅಭ್ಯಾಸವಾಗಿತ್ತಲ್ಲ, "ಇಪ್ಪತ್ತೈದು, ನಲವತ್ತೈದು" ಎಂದೆ. ಪೂರ್ವದ ಅಂಕಿಯನ್ನೂ ಹಾಗೆಯೇ ಓದಿದೆ. ಅವರು ಬರೆದುಕೊಂಡರು. "ಅರ್ಧ ಗಂಟೇಲಿ ಬರ್ತೀವಿ" ಎಂದರು. ಲೈನ್ ಹೋಯಿತು.

ಅಂಗಡಿಯಿಂದ ತಂದ ದಿನದ ಸ್ಥಿತಿಗೆ ಮರಳಿದ ಯಂತ್ರ ಸೆಕೆಂಡು ಬಿಟ್ಟು, ನಿಮಿಷವನ್ನೇ ಚುಕ್ಕಿಯಾಚೆಯ ಮೂರು ಅಂಕಿಗಳವರೆಗೆ ತೋರಿಸುತ್ತಿತ್ತು. ಇಪ್ಪತ್ತೈದೂವರೆ ನಿಮಿಷಕ್ಕೆ ತುಸು ಕಡಿಮೆ ಎಂದು ಯಂತ್ರ ಹೇಳಿದ್ದನ್ನು ನಾನು ಇಪ್ಪತ್ತೈದು ನಿಮಿಷ ನಲವತ್ತೈದು ಸೆಕೆಂಡು ಎಂದು ಹೇಳಿದ್ದೆ. ನಿಜವಾದ ಸೆಕೆಂಡು ಇಪ್ಪತ್ತೇಳು. ಕಾಗದದ ಮೇಲೆ ಇದೇನು ದೊಡ್ಡದಲ್ಲ. ನೆಲದ ಮೇಲೆ ಎರಡೂ ಅಂಕಿ ಸೇರಿ ಮುಕ್ಕಾಲು ಕಿಲೋಮೀಟರಿಗೂ ಹೆಚ್ಚು ಸರಿಯುತ್ತದೆ. ನಮ್ಮನ್ನು ಹುಡುಕಿ ಬಂದವರು ಗುಡ್ಡದ ಆಚೆ ಮಗ್ಗುಲಿಗೆ ಹೋದರು.

ನಾನು ಅವರ ತಲೆಯ ಹತ್ತಿರ ಕೂತೆ. ನೀರು ಕೇಳಿದರು. ಬಾಟಲಿಯ ಮುಚ್ಚಳದಲ್ಲಿ ಕೊಟ್ಟೆ. ಹನ್ನೊಂದೂವರೆಗೆ ಬಿಸಿಲು ಸಂದಿಯೊಳಗೂ ಬಂತು. ಅಂಗಿ ಬಿಚ್ಚಿ ಅವರ ಮುಖಕ್ಕೆ ನೆರಳು ಹಿಡಿದೆ. ಅವರ ತುಟಿ ಬಿಳಿಚಿಕೊಂಡಿತ್ತು. ಹಣೆ ತಣ್ಣಗಿತ್ತು. ಅರ್ಧ ಗಂಟೆ ಎಂದವರು ಯಾಕೆ ಬರಲಿಲ್ಲ ಎಂದು ನಾನು ಮೇಲ್ವಿಚಾರಕರನ್ನು ಬೈಯುತ್ತಿದ್ದೆ, ಬಾಯಿಬಿಟ್ಟೇ.

"ಎಷ್ಟೊತ್ತಾತು?" ಎಂದರು.

"ಗಂಟೆ ಮೇಲಾಯ್ತು."

ಕಣ್ಣು ಮುಚ್ಚಿದರು. ನಿದ್ದೆ ಹೋದರೋ ಎಂದು ಭುಜ ಅಲ್ಲಾಡಿಸಬೇಕು ಅನ್ನುವಷ್ಟರಲ್ಲಿ ಮತ್ತೆ ಕಣ್ಣು ಬಿಟ್ಟರು.

"ತಮ್ಮಾ, ಫೋನಿನಾಗೆ ಅಂಕಿ ಹೇಳ್ದಾಗ ಚುಕ್ಕಿ ಹೇಳಿದ್ಯಾ?"

ನಾನು ಯಂತ್ರ ತೆಗೆದು ನೋಡಿದೆ. ಗುರುತು ಮಾಡಿದ ಜಾಗದ ಅಂಕಿ ಪರದೆಯಲ್ಲಿತ್ತು. ಚುಕ್ಕಿ ಆದ ಮೇಲೆ ಮೂರು. ಬೆಳಗ್ಗೆ ಅವರು ನೋಡು ಎಂದದ್ದನ್ನು ನಾನು ಆಗ ಮೊದಲ ಸಲ ನೋಡಿದೆ. ಎದ್ದು ಓಡಿದೆ.

ಫೋನು ಮೂರು ಸಲ ಹೋಗಲಿಲ್ಲ. ನಾಲ್ಕನೆಯ ಸಲ ಸಿಕ್ಕಿತು. "ಎಲ್ಲಿದೀಯಯ್ಯಾ? ಇಲ್ಲಿ ಕೂಗಿ ಕೂಗಿ ಗಂಟ್ಲು ಹರ್ಕೊಂಡ್ವಿ" ಎಂದರು ಮೇಲ್ವಿಚಾರಕರು.

"ಪಾಯಿಂಟ್ ಸಾರ್. ಇಪ್ಪತ್ತೈದು ಪಾಯಿಂಟ್ ನಾಲ್ಕು ಐದು ಸೊನ್ನೆ. ಸೆಕೆಂಡಲ್ಲ ಸಾರ್, ಪಾಯಿಂಟು."

"ಅಯ್ಯೋ" ಎಂದರು ಅವರು.

ಅವರು ಗುಡ್ಡ ಸುತ್ತಿ, ದಾರಿಯಲ್ಲಿ ಸಿಕ್ಕ ಇಬ್ಬರನ್ನು ಕರೆದುಕೊಂಡು ಹತ್ತಿ ಬರುವಷ್ಟರಲ್ಲಿ ಯಜಮಾನರು ಬಿದ್ದು ಎರಡು ಗಂಟೆ ದಾಟಿತ್ತು. ಅವರದೇ ಕಂಬಳಿಯಲ್ಲಿ ಮಲಗಿಸಿ ನಾಲ್ಕು ಮೂಲೆ ಹಿಡಿದು ಇಳಿಸಿದೆವು. ಜೀಪಿನಲ್ಲಿ ಅವರ ತಲೆ ನನ್ನ ತೊಡೆಯ ಮೇಲಿತ್ತು. ಸ್ವಲ್ಪ ದೂರ ಹೋದ ಮೇಲೆ ತೆಲುಗಿನಲ್ಲಿ ಏನೋ ಹೇಳತೊಡಗಿದರು, ಒಂದೇ ಸಮನೆ, ತಗ್ಗಿದ ದನಿಯಲ್ಲಿ. ನನಗೆ ಅರ್ಥವಾಗಲಿಲ್ಲ. ಡ್ರೈವರನಿಗೆ ತೆಲುಗು ಬರುತ್ತಿತ್ತು.

"ಏನಂತಿದಾರೆ?" ಎಂದೆ.

"ಕುರಿ ಎಣಿಸ್ತಿದಾರೆ" ಎಂದ ಅವನು, ರಸ್ತೆಯಿಂದ ಕಣ್ಣು ತೆಗೆಯದೆ.

ಎಣಿಕೆ ಎಲ್ಲಿಯವರೆಗೆ ಹೋಯಿತೋ ತಿಳಿಯದು. ಚಳ್ಳಕೆರೆಯ ಎಣ್ಣೆ ಮಿಲ್ಲುಗಳ ಹಿಂಡಿಯ ವಾಸನೆ ಜೀಪಿನೊಳಗೆ ಬಂದಾಗ ಅವರು ಸುಮ್ಮನಾಗಿದ್ದರು. ಆ ವಾಸನೆಯಲ್ಲಿ ಹುಟ್ಟಿ ಬೆಳೆದವನು ನಾನು. ಅವತ್ತಿನಿಂದ ಅದು ನನಗೆ ಹಿಡಿಸುವುದಿಲ್ಲ. ಆದರೂ ಮಂಡಿಗೇ ವಾಪಸ್ ಬಂದು ಕೂತೆ, ಇವತ್ತಿಗೂ ಅಲ್ಲೇ ಕೂರುತ್ತೇನೆ.

ಮೇಲ್ವಿಚಾರಕರು ಬೆಂಗಳೂರಿಗೆ ವರದಿ ಕಳಿಸಿದರು. ಕಾಲು ಜಾರಿ ಬಿದ್ದು, ಆಸ್ಪತ್ರೆಯ ದಾರಿಯಲ್ಲಿ ತೀರಿಕೊಂಡರು ಎಂದು. ಅದರಲ್ಲಿ ಸುಳ್ಳು ಒಂದೂ ಇರಲಿಲ್ಲ. ನನ್ನನ್ನು ಪಕ್ಕಕ್ಕೆ ಕರೆದು, "ಆ ಅಂಕಿ ವಿಚಾರ ಯಾರ ಹತ್ರಾನೂ ಎತ್ತಬೇಡ. ಎತ್ತಿದ್ರೆ ಅವರು ಎದ್ದು ಬರಲ್ಲ. ನೀನು ಹಾಳಾಗ್ತೀಯ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಒಂದು ಗಂಟೆ ಮುಂಚೆ ಸಿಕ್ಕಿದ್ದರೆ ಅವರು ಉಳಿಯುತ್ತಿದ್ದರೇ? ಆಮೇಲೆ ಇಬ್ಬರು ಡಾಕ್ಟರುಗಳನ್ನು ಬೇರೆ ಬೇರೆಯಾಗಿ ಕೇಳಿದ್ದೇನೆ, ಯಾರದೋ ಕಥೆಯೆಂಬಂತೆ. ಒಬ್ಬರು ಉಳಿಯಬಹುದಿತ್ತು ಎಂದರು. ಇನ್ನೊಬ್ಬರು ಹೇಳಲಾಗದು ಎಂದರು.

ಎರಡು ತಿಂಗಳು ತಡೆದೆ. ಮಣ್ಣಿಗೆ ಹೋಗಿದ್ದೆ, ತಿಥಿಗೂ ಹೋಗಿದ್ದೆ. ಎರಡು ಸಲವೂ ಜನರ ಹಿಂದೆ ನಿಂತು ವಾಪಸ್ ಬಂದಿದ್ದೆ. ಒಂದು ಬೆಳಗ್ಗೆ ಮನೆಯಲ್ಲಿ ಹೇಳದೆ ಬಸ್ಸು ಹತ್ತಿ ಬಿ.ಜಿ. ಕೆರೆಯಲ್ಲಿ ಇಳಿದು ಹಟ್ಟಿಗೆ ನಡೆದೆ. ಅವರ ಹೆಂಡತಿ ಮನೆ ಮುಂದೆ ಹುರುಳಿ ಕೇರುತ್ತಿದ್ದರು. ಮೊರ ಕೆಳಗಿಟ್ಟು, "ಬಾ ತಮ್ಮ, ಕೂತ್ಕೋ" ಎಂದರು.

ನಾನು ಕೂರಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದೆ. ಯಂತ್ರ ಅಳಿಸಿದ್ದು, ಬೆಳಗ್ಗೆ ಅವರು ಚುಕ್ಕಿ ಜಾಗ ಬಿಟ್ಟಿದೆ ಅಂದದ್ದು, ನಾನು ತಲೆ ಎತ್ತದೆ ಇದ್ದದ್ದು, ಜೀಪು ಆಚೆ ಕಡೆಗೆ ಹೋದದ್ದು. ಡಿಗ್ರಿ, ಸೆಕೆಂಡು ಎಂದೆಲ್ಲ ಹೇಗೆ ಬಿಡಿಸಿ ಹೇಳುವುದೆಂದು ಬಸ್ಸಿನಲ್ಲಿ ಯೋಚಿಸುತ್ತ ಬಂದಿದ್ದೆ. ಅದರ ಅಗತ್ಯವೇ ಬೀಳಲಿಲ್ಲ. ಅವರು ಮೊರದ ಪಕ್ಕದ ಮಣ್ಣಿನ ಮೇಲೆ ಬೆರಳಿನಿಂದ, ಅಂಕಿಗೊಂದರಂತೆ, ಮೂರು ಸಲ ಎರಡೆರಡು ಗೀಟು ಎಳೆದರು. ಆಮೇಲೆ ಒಂದು ಚುಕ್ಕಿ ಇಟ್ಟು, ಅದರ ಮುಂದೆ ಒಂದೇ ಗೀಟು ಎಳೆದರು.

"ಹಿಂಗಲ್ವಾ ಇರೋದು?" ಎಂದರು. "ದಿನಾ ಬಂದು ಇಲ್ಲೇ ಕೂತು ಬರ್ದು ತೋರಿಸ್ತಿದ್ದ. ಆ ಚುಕ್ಕಿ ಎಲ್ಲಿರ್ತೈತೆ ಅಂತ ನಂಗೂ ಗೊತ್ತಿತ್ತು ತಮ್ಮ."

ಅವರು ಕೈಯಿಂದ ಗೀಟು ಒರೆಸಿದರು.

"ಅವ್ನಿಗೆ ಗೊತ್ತಾತಾ? ಹಿಂಗಾಗೈತೆ ಅಂತ?"

ಇಲ್ಲ ಅನ್ನಬಹುದಿತ್ತು. "ಗೊತ್ತಾಯ್ತು ಅವ್ವಾ. ಅವರೇ ಕೇಳಿದ್ದು, ಚುಕ್ಕಿ ಹೇಳಿದ್ಯಾ ಅಂತ."

"ಸಿಟ್ಟು ಮಾಡಿದ್ನಾ?"

"ಇಲ್ಲ."

"ಬೈಲಿಲ್ವಾ?"

"ಇಲ್ಲ. ಅದೊಂದೇ ಮಾತು ಕೇಳಿದ್ದು."

ಅವರು ಮೊರದೊಳಗಿನ ಹುರುಳಿಯಿಂದ ಒಂದು ಕಲ್ಲು ಆರಿಸಿ ಆಚೆ ಎಸೆದರು. ಅಳಲಿಲ್ಲ. ಆಮೇಲೆ ಹೇಳಿದರು, ದನಿ ಎತ್ತರಿಸದೆ:

"ಅವ್ನು ಅಂಥೋನೇ. ಯಾರ ಮ್ಯಾಲೂ ಸಿಟ್ಟು ಮಾಡ್ತಿರ್ಲಿಲ್ಲ. ನಾನು ಮಾಡ್ತೀನಿ. ನೀನು ಬಂದು ಹೇಳಿದ್ಯಲ್ಲ, ಅದು ಒಳ್ಳೇದು. ಇನ್ನು ಈ ಹಟ್ಟಿಗೆ ಬರಬ್ಯಾಡ."

ಹೂಂ ಎಂದು ತಿರುಗಿದೆ. "ತಡಿ" ಎಂದರು. ಒಳಗೆ ಹೋಗಿ ಚೊಂಬಿನಲ್ಲಿ ನೀರು ತಂದರು. "ಬಿಸಿಲಾಗೆ ನಡ್ಕೊಂಡು ಬಂದೀಯ. ಕುಡ್ದು ಹೋಗು."

ನಿಂತು ಪೂರ್ತಿ ಕುಡಿದೆ. ನಾನು ಕುಡಿಯುವವರೆಗೂ ಅವರು ಎದುರಿಗೇ ನಿಂತಿದ್ದರು. ಚೊಂಬು ತೆಗೆದುಕೊಂಡು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿದರು. ನಾನು ರಸ್ತೆಗೆ ನಡೆದೆ. ಬಳ್ಳಾರಿ ಬಸ್ಸಿನಲ್ಲಿ ಎಷ್ಟೋ ಸಲ ಆ ಕಡೆ ಹೋಗಿದ್ದೇನೆ, ಹಟ್ಟಿಯ ದಾರಿಯಲ್ಲಿ ಇಳಿದಿಲ್ಲ. ಅವರು ಇದ್ದಾರೋ ಇಲ್ಲವೋ ಎಂದು ಯಾರನ್ನೂ ಕೇಳಿಲ್ಲ.